ಅಡುಗೆಯವರ ಮನೆಗೆ ಹೇಳಿಕೆ

ನಾನು ಬಿ.ಎ. ಆದವಳು ಎಂಬುದನ್ನು ಯಾರಿಗೂ ಮೆಲುದನಿಯಲ್ಲಿ ಹೇಳಿದವಳಲ್ಲ. ಮನೆಯಲ್ಲಿ ಮೊದಲೇ ಇಬ್ಬರು ಮೂವರು ಡಿಗ್ರಿಯವರು ಇದ್ದರೆ ವಿನಯ ಸುಲಭ. ನಮ್ಮ ವಂಶದಲ್ಲಿ ನನಗಿಂತ ಮುಂಚೆ ಯಾರಾದರೂ ಪುಸ್ತಕ ಎಂದು ಮುಟ್ಟಿದ್ದರೆ ಅದು ಪಂಚಾಂಗ. ಅದನ್ನೂ ಬೇರೆಯವರು ಓದಿ ಹೇಳಬೇಕಿತ್ತು.

ಅಪ್ಪ ಅಡುಗೆಯವನು. ಹೋಟೆಲಿನ ಅಡುಗೆಯಲ್ಲ, ಸಮಾರಂಭದ ಅಡುಗೆ. ಮುಂಬಯಿಯಲ್ಲಿ ವಡಾಲದಿಂದ ಮುಲುಂಡಿನವರೆಗೆ ನಮ್ಮ ಉಡುಪಿ ಕಡೆಯವರು ಎಲ್ಲಿ ಮದುವೆ, ಮುಂಜಿ, ಶ್ರಾದ್ಧ ಮಾಡಿದರೂ ಅಲ್ಲಿ ಅಪ್ಪನ ದೊಡ್ಡ ಕಡಾಯಿ ಒಲೆ ಏರುತ್ತಿತ್ತು. ರಜಾದಿನಗಳಲ್ಲಿ ಅಮ್ಮನೂ ನಾನೂ ಹೋಗಿ ತೆಂಗಿನಕಾಯಿ ತುರಿಯುತ್ತಿದ್ದೆವು. ನನ್ನ ಇತಿಹಾಸದ ಪುಸ್ತಕವನ್ನು ನಾನು ಓದಿದ್ದು ಅಕ್ಕಿ ಮೂಟೆಯ ಮೇಲೆ ಕುಳಿತು. ಮೊಘಲರ ಅಧ್ಯಾಯಕ್ಕೆ ಇಂಗಿನ ವಾಸನೆ ಕೊನೆಯವರೆಗೂ ಹೋಗಲಿಲ್ಲ. ಮೆಟ್ರಿಕ್ ಪಾಸಾದ ದಿನ ಅಪ್ಪ ತುರಿಯುವ ಮಣೆಯನ್ನು ನನ್ನ ಮುಂದಿನಿಂದ ಎಳೆದು, "ಸಾಕು. ಇನ್ನು ನೀನು ಅಡುಗೆ ಕೋಣೆಯೊಳಗೆ ಬರಬೇಡ" ಎಂದ. ಅಷ್ಟೇ ಮಾತು. ಆಮೇಲೆ ಕಾಲೇಜಿನ ನಾಲ್ಕು ವರ್ಷವೂ ಅವನ ಅಡುಗೆಯನ್ನು ನಾನು ಬೇರೆಯವರ ಬಾಯಲ್ಲಿ ಕೇಳಿದ್ದು.

ಕಾಲೇಜಿನಲ್ಲಿ ನಾವು ಕನ್ನಡದ ಹುಡುಗಿಯರು ಮೂವರು. ಒಬ್ಬಳು ಘಾಟ್ಕೋಪರಿನವಳು, ನಮ್ಮ ಕಡೆಯವಳೇ, ನಮ್ಮ ಜಾತಿಯವಳೇ. ಅವಳ ಅಪ್ಪನಿಗೆ ಸ್ಟೇಷನ್ ಎದುರು ಹೋಟೆಲು, ಹಿಂದೆ ಸ್ವಂತ ಬಿಲ್ಡಿಂಗು. ಇನ್ನೊಬ್ಬಳು ಮುಲುಂಡಿನವಳು, ಧಾರವಾಡದ ಕಡೆಯವಳು, ಅಪ್ಪ ಸರಕಾರಿ ಗುಮಾಸ್ತ. ನಾನು ವಡಾಲದ ಚಾಳಿನವಳು. ಯಾರು ಶುರು ಮಾಡಿದರೋ ನೆನಪಿಲ್ಲ, ನಾವು ಒಬ್ಬರನ್ನೊಬ್ಬರು ಸ್ಟೇಷನ್ನಿನ ಹೆಸರಿನಿಂದಲೇ ಕೂಗುತ್ತಿದ್ದೆವು. ಡಿಗ್ರಿ ಮುಗಿದು ನಾನು ಕೋಟೆ ಕಡೆಯ ಒಂದು ಆಫೀಸಿನಲ್ಲಿ ಟೈಪಿಸ್ಟಳಾದೆ, ಮುಲುಂಡ್ ಒಂದು ಶಾಲೆಯಲ್ಲಿ ಮಾಸ್ತರಿಣಿಯಾದಳು, ಘಾಟ್ಕೋಪರ್ ಮನೆಯಲ್ಲಿ ಕುಳಿತು ಗಂಡು ಕಾಯುತ್ತಿದ್ದಳು. ಆದರೂ ಸ್ನೇಹ ತಪ್ಪಲಿಲ್ಲ. ಗಣಪತಿ ಬಂದರೆ ಮೂವರೂ ಗಲ್ಲಿ ಗಲ್ಲಿಯ ಮಂಟಪ ನೋಡಲು ಹೋಗುತ್ತಿದ್ದೆವು. ಸಂಕ್ರಾಂತಿಗೆ ಎಳ್ಳುಂಡೆ ಹಿಡಿದುಕೊಂಡು ಲೋಕಲಿನಲ್ಲಿ ಓಡಾಡುತ್ತಿದ್ದೆವು. ವಿಹಾರ ಕೆರೆ, ಕಾನ್ಹೇರಿ ಗುಹೆ, ಒಮ್ಮೆ ಮಾಥೇರಾನ್.

ಎಲ್ಲಿಗೆ ಹೋಗುವುದಾದರೂ ತಿಂಡಿ ತರುವುದು ನನ್ನ ಕೆಲಸ ಎಂದು ತನ್ನಿಂದ ತಾನೇ ಆಗಿಬಿಟ್ಟಿತ್ತು. ಮೊದಮೊದಲು ನನಗೆ ಅದು ಹೆಮ್ಮೆಯಾಗಿಯೇ ಇತ್ತು. ಆಮೇಲೆ ಒಂದು ದಿನ ಯೋಚನೆ ಬಂತು: ಘಾಟ್ಕೋಪರಿನ ಅಪ್ಪನಿಗೆ ಹೋಟೆಲೇ ಇದೆಯಲ್ಲ, ಅವಳನ್ನು ತಿಂಡಿ ತಾ ಎಂದು ಯಾರೂ ಯಾಕೆ ಹೇಳುವುದಿಲ್ಲ? ಹೋಟೆಲು ನಡೆಸುವವನ ಮಗಳು ಬೇರೆ, ಸೌಟು ಹಿಡಿದವನ ಮಗಳು ಬೇರೆ. ಈ ಲೆಕ್ಕ ಕಾಲೇಜಿನಲ್ಲಿ ಕಲಿಸುವುದಿಲ್ಲ, ಆದರೆ ಎಲ್ಲರಿಗೂ ಬಾಯಿಪಾಠ.

ಮದುವೆಯ ಸುದ್ದಿ ಹೊರಬಿದ್ದದ್ದು ಎಲಿಫೆಂಟಾಕ್ಕೆ ಹೋದ ಭಾನುವಾರ, ಲಾಂಚಿನಲ್ಲಿ.

"ಏ ವಡಾಲಾ, ಡಬ್ಬಿ ಹೊರಗ ತಗೀ" ಎಂದಳು ಮುಲುಂಡ್. "ಸಮುದ್ರಾ ನೋಡಿ ನೋಡಿ ಹೊಟ್ಟಿ ಖಾಲಿ ಆತು."

"ಇನ್ನೂ ದಕ್ಕೆ ಬಿಟ್ಟೇ ಇಲ್ಲ ಮಾರಾಯ್ತಿ!" ಎಂದು ಘಾಟ್ಕೋಪರ್ ನಕ್ಕಳು.

"ನಿಮಗ ರೂಢಿ ಐತಿ. ನಮ್ಮ ಊರಾಗ ಇಷ್ಟ ನೀರ ಒಮ್ಮೆಲೇ ಕಂಡ್ರ ಮದಲ ಊದಿನಕಡ್ಡಿ ಹಚ್ಚತಾರ."

ಅಪ್ಪ ಕಟ್ಟಿಕೊಟ್ಟಿದ್ದ ಪುಳಿಯೋಗರೆಯ ಡಬ್ಬಿ ತೆರೆದೆ. ಒಂದು ತುತ್ತು ಬಾಯಿಗೆ ಹಾಕಿಕೊಂಡು ಘಾಟ್ಕೋಪರ್, ನೀರಿನ ಕಡೆ ನೋಡುತ್ತ, "ನನ್ನದು ಗಟ್ಟಿ ಆಯ್ತು" ಎಂದಳು.

"ಏನು?"

"ಇನ್ನೆಂತ ಗಟ್ಟಿ ಆಗ್ಲಿಕ್ಕುಂಟು ಈ ವಯಸ್ಸಿಗೆ? ಮದುವೆ."

"ಹುಡುಗ ಹ್ಯಾಂಗದಾನ?" ಮುಲುಂಡಿನ ಕೈ ಡಬ್ಬಿಯಲ್ಲೇ ನಿಂತಿತು.

"ಪುಣೆಯಲ್ಲಿ ಹೋಟೆಲು. ಎರಡು."

"ಹುಡುಗ ಹ್ಯಾಂಗಂದ್ರ ಹೋಟೆಲ್ ಎಣಿಸ್ತಾಳ ನೋಡ! ಹುಡುಗಗ ಕಣ್ಣ ಎರಡ ಅದಾವೋ ಇಲ್ಲೋ ಅದನ್ನ ಹೇಳ ಮದಲ."

ಮೂವರೂ ಎಷ್ಟು ನಕ್ಕೆವೆಂದರೆ ಲಾಂಚಿನ ಮೂಲೆಯಲ್ಲಿದ್ದ ಪಾರ್ಸಿ ಮುದುಕ ಪೇಪರು ಇಳಿಸಿ ನಮ್ಮನ್ನು ದುರುಗುಟ್ಟಿ ನೋಡಿದ. ಆಮೇಲೆ ಘಾಟ್ಕೋಪರ್ ನನ್ನ ಕೈ ಹಿಡಿದುಕೊಂಡಳು.

"ಅಡುಗೆ ನಿನ್ನಪ್ಪನದ್ದೇ. ನಮ್ಮಪ್ಪ ಆಗಲೇ ವೀಳ್ಯ ಕೊಟ್ಟಾಯ್ತು. ಆದರೆ ನೀನು ಆವತ್ತು ನನ್ನ ಹತ್ತಿರವೇ ಇರಬೇಕು. ಧಾರೆಯ ಹೊತ್ತಿಗೆ ನನ್ನ ಸೆರಗು ಯಾರು ನೋಡಿಕೊಳ್ಳುವುದು? ನಮ್ಮ ಅತ್ತೆಯಂದಿರು ನೋಡಿಕೊಂಡರೆ ನಾನು ಮಂಟಪದಲ್ಲೇ ಬೀಳುವುದು."

"ಮೊದಲು ಹೇಳಿಕೆ ಬರಲಿ" ಎಂದೆ ನಾನು, ತಮಾಷೆಗೆ ಎಂಬಂತೆ.

"ಅಮ್ಮನೇ ಬರ್ತಾಳೆ ಕುಂಕುಮ ಹಿಡ್ಕೊಂಡು. ನಿಮ್ಮಿಬ್ಬರ ಮನೆಗೂ."

ಹೇಳಿಕೆ ಎಂದರೆ ಮದುವೆಗೆ ಕರೆಯುವುದು. ನಮ್ಮ ಕಡೆ ಅಚ್ಚಾದ ಕಾಗದ ದೂರದ ಊರಿನವರಿಗೆ ಮಾತ್ರ. ಒಂದೇ ಊರಿನಲ್ಲಿದ್ದವರಿಗೆ ಮನೆಯ ಹೆಂಗಸರು ಇಬ್ಬರು ಕೂಡಿ, ಬೆಳ್ಳಿ ಭರಣಿಯಲ್ಲಿ ಕುಂಕುಮ ಹಿಡಿದು, ಮನೆಯೊಳಗೆ ಬಂದು, ಕುಳಿತು, ಹೆಂಗಸರ ಹಣೆಗೆ ಇಟ್ಟು ಕರೆಯಬೇಕು. ಮುಂಬಯಿಯಂಥ ಮುಂಬಯಿಯಲ್ಲೂ, ಲೋಕಲಿನಲ್ಲಿ ಬೆವರು ಸುರಿಸಿಕೊಂಡು, ಮುಖ ಒರೆಸಿಕೊಂಡು, ಅದನ್ನು ಮಾಡುತ್ತಿದ್ದರು. ಬೀದಿಯಲ್ಲಿ ಸಿಕ್ಕು ಬಾ ಎಂದದ್ದು ಲೆಕ್ಕಕ್ಕಿಲ್ಲ. ಕುಂಕುಮ ಬಾರದಿದ್ದರೆ ಕರೆದಿಲ್ಲ ಎಂದೇ ಅರ್ಥ. ಇಷ್ಟು ವರ್ಷ ನಮ್ಮ ಮನೆಗೆ ದೊಡ್ಡ ಮನೆಗಳಿಂದ ಬರುತ್ತಿದ್ದದ್ದು ಅಡುಗೆಯ ವೀಳ್ಯ. ಎಲೆ ಅಡಿಕೆಯ ಮೇಲೆ ಒಂದು ನಾಣ್ಯ ಇಟ್ಟು ಅಪ್ಪನ ಕೈಗೆ ಕೊಟ್ಟರೆ ಕೆಲಸ ಗೊತ್ತಾಯಿತು. ಅದನ್ನು ಗಂಡಸರು ತರುತ್ತಿದ್ದರು, ಬಾಗಿಲಲ್ಲಿ ನಿಂತೇ ಕೊಟ್ಟು ಹೋಗುತ್ತಿದ್ದರು. ಒಳಗೆ ಬಂದು ಕುಳಿತವರಿಲ್ಲ.

ಈ ಸಲ ಬರುವುದು ಕುಂಕುಮ. ಬರುವುದು ನನ್ನ ಸ್ನೇಹದ ಮೇಲೆ, ನನ್ನ ಬಿ.ಎ. ಮೇಲೆ. ಅಡುಗೆಯವನ ಮನೆ ಎಂದಲ್ಲ, ನನ್ನ ಮನೆ ಎಂದು ಯಾರಾದರೂ ಆ ಚಾಳಿನ ಮೆಟ್ಟಿಲು ಹತ್ತಿ ಬರಬೇಕು. ನನಗೆ ಬೇಕಿದ್ದದ್ದು ಅಷ್ಟೇ. ಅದಕ್ಕಿಂತ ಹೆಚ್ಚು ಆ ವರ್ಷ ನನಗೆ ಏನೂ ಬೇಕಿರಲಿಲ್ಲ.

ನಮ್ಮದು ಮೇಲಿನ ಮಹಡಿಯ ಒಂದು ಖೋಲಿ. ನಾನು ಗೋಡೆಗೆ ಸುಣ್ಣ ಹೊಡೆಸಿದೆ. ಬಾಡಿಗೆಯ ಪದವಿ ಗೌನು ತೊಟ್ಟು ಸ್ಟುಡಿಯೋದಲ್ಲಿ ತೆಗೆಸಿಕೊಂಡಿದ್ದ ನನ್ನ ಫೋಟೋವನ್ನು ದೇವರ ಪಟಗಳ ಸಾಲಿನಿಂದ ತೆಗೆದು ಬಾಗಿಲಿನ ಎದುರಿಗೆ ಬರುವಂತೆ ತೂಗುಹಾಕಿದೆ. ಪಕ್ಕದ ಖೋಲಿಯ ಮರಾಠಿ ಬಾಯಿಯಿಂದ ಎರಡು ಕುರ್ಚಿ ಇಸಿದುಕೊಂಡೆ. "ಕಾಯ್ ಗಂ, ಪಾಹುಣೆ ಯೇಣಾರ್ ಕಾ?" ಎಂದು ಅವಳು ಹುಬ್ಬು ಹಾರಿಸಿದಳು, ನನ್ನನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೇನೋ ಎಂದು. ಅಲ್ಲ, ಸ್ನೇಹಿತೆಯ ಮದುವೆಗೆ ಕರೆಯಲು ಬರುತ್ತಾರೆ ಎಂದೆ. ಅವಳಿಗೆ ನಿರಾಸೆಯಾಯಿತು.

ಭಾನುವಾರ ಬಂದರೆ ಅಮ್ಮ ರವೆಯ ಶಿರಾ ಮಾಡಿಡುತ್ತಿದ್ದಳು. ಹೇಳಿಕೆಗೆ ಬಂದವರು ಬಾಯಿ ಸಿಹಿ ಮಾಡದೆ ಎದ್ದು ಹೋಗಬಾರದಲ್ಲ. ನಾನು ಆಫೀಸಿಗೆ ಉಡುವ ಒಳ್ಳೆಯ ಸೀರೆ ಉಟ್ಟುಕೊಂಡು ಬಾಲ್ಕನಿಯಲ್ಲಿ ನಿಲ್ಲುತ್ತಿದ್ದೆ. ಸಂಜೆಯಾಗುತ್ತಿತ್ತು. ಶಿರಾ ಗಟ್ಟಿಯಾಗುತ್ತಿತ್ತು. ಮೂವರೂ ಕುಳಿತು ಅದನ್ನು ತಿನ್ನುತ್ತಿದ್ದೆವು.

"ಮುಂದಿನ ವಾರ ಬರಬಹುದು" ಎನ್ನುತ್ತಿದ್ದಳು ಅಮ್ಮ. "ಮದುವೆ ಮನೆಯೆಂದರೆ ಸುಮ್ಮನೆಯಾ? ಎಷ್ಟು ಮನೆ ತಿರುಗಲಿಕ್ಕುಂಟು ಅವರಿಗೆ."

ಅಪ್ಪ ಗೋಡೆಗೆ ಒರಗಿ ಅಡಿಕೆ ಕತ್ತರಿಸುತ್ತ, "ತುಪ್ಪ ಸ್ವಲ್ಪ ಕಡಿಮೆ ಆಯ್ತು ಇವತ್ತು" ಎನ್ನುತ್ತಿದ್ದ. ಅಷ್ಟೇ.

ಒಂದು ಸಂಜೆ ಕುರ್ಲಾ ಪ್ಲಾಟ್‌ಫಾರ್ಮಿನಲ್ಲಿ ಮುಲುಂಡ್ ಸಿಕ್ಕಿದಳು. ಕೈಯಲ್ಲಿ ಮಕ್ಕಳ ಪರೀಕ್ಷೆಯ ಪೇಪರಿನ ಕಟ್ಟು.

"ಅಲ್ಲವಾ, ಘಾಟ್ಕೋಪರಿನ ಅವ್ವಾ ಎಷ್ಟ ಮಾತಾಡತಾಳ! ನಮ್ಮ ಮನ್ಯಾಗ ಕೂತು ನಮ್ಮವ್ವಗ ಭಕ್ಕರಿ ಹ್ಯಾಂಗ ಬಡೀಬೇಕು ಅಂತ ಹೇಳಿಕೊಟ್ಟಳು. ಉಡುಪಿಯಾಕಿ ಧಾರವಾಡದಾಕಿಗೆ!" ಎಂದು ನಕ್ಕಳು. ನಾನು ನಗಲಿಲ್ಲವೆಂದು ಅವಳಿಗೆ ತಡವಾಗಿ ಗೊತ್ತಾಯಿತು. "ನಿಮ್ಮಲ್ಲಿ ಬಂದಿಲ್ಲೇನ?"

"ಯಾವಾಗ ಬಂದಿದ್ದರು ನಿಮ್ಮಲ್ಲಿಗೆ?"

"ಭಾಳ ದಿನಾ ಆತಲ್ಲ. ಮದಲ ವಡಾಲಕ್ಕ ಹೋಗಿ ಆಮ್ಯಾಲ ನಿಮ್ಮಲ್ಲಿ ಬರ್ತೀವಿ ಅಂತಿದ್ಲು ಘಾಟ್ಕೋಪರ್. ಬರತಾರ ಬಿಡ, ನೀ ಏನ ಹೊರಗಿನಾಕ್ಯೇನು? ನಿಮ್ಮಪ್ಪಂದ ಅಡಗಿ ಅಂದಮ್ಯಾಲ ನೀ ಮನಿಯಾಕೀನ."

ಮನೆಯವಳು. ಆ ಮಾತನ್ನು ನಾನು ಅಕ್ಕಿ ಮೂಟೆಯ ಮೇಲೆ ಕುಳಿತಿದ್ದ ಕಾಲದಿಂದ ಕೇಳುತ್ತಾ ಬಂದಿದ್ದೇನೆ. ಮನೆಯವರು ಎಂದು ಕರೆದವರಿಗೆ ಎಲ್ಲರ ಊಟವಾದ ಮೇಲೆ ಊಟ, ಎಲ್ಲರೂ ಹೋದ ಮೇಲೆ ಮಾತು. ಅಡುಗೆಯವನ ಮನೆಗೆ ಬೇರೆ ಹೇಳಿಕೆ ಯಾಕೆ, ಹೇಗೂ ಬಂದೇ ಬರುತ್ತಾರಲ್ಲ ಎಂದುಕೊಂಡಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ರೈಲು ಬಂತು. ಹೆಂಗಸರ ಡಬ್ಬಿಯಲ್ಲಿ ಮುಲುಂಡ್ ನನ್ನನ್ನು ಕೈ ಬೀಸಿ ಕರೆದಳು. ನಾನು ಹತ್ತಲಿಲ್ಲ. ನನ್ನ ಹಾದಿ ಬೇರೆ ಎಂದು ಅವಳಿಗೂ ಗೊತ್ತು. ಆದರೆ ಬೇರೆ ದಿನಗಳಲ್ಲಿ ಮಾತಿಗಾಗಿ ಒಂದೆರಡು ಸ್ಟೇಷನ್ ಅವಳ ಜೊತೆ ಹೋಗಿ ತಿರುಗಿ ಬರುತ್ತಿದ್ದೆ.

ಮನೆಗೆ ಬಂದು ಕುರ್ಚಿಗಳನ್ನು ಮರಾಠಿ ಬಾಯಿಗೆ ಹಿಂದಿರುಗಿಸಿದೆ.

ಅಪ್ಪ ಮದುವೆಯ ಹಿಂದಿನ ದಿನವೇ ಘಾಟ್ಕೋಪರಿಗೆ ಹೋಗಿದ್ದ. ಅಮ್ಮನೂ ಹೋದಳು, ತುರಿಯಲು. ಮದುವೆಯ ದಿನ ನಾನು ಆಫೀಸಿಗೆ ಹೋಗಿ ಕುಳಿತು ಟೈಪು ಹೊಡೆದೆ. ಧಾರೆಯ ಮುಹೂರ್ತ ಯಾವಾಗ ಎಂದು ನನಗೆ ಗೊತ್ತಿತ್ತು. ಆ ಹೊತ್ತಿಗೆ ಸಾಹೇಬರು ಕೊಟ್ಟ ಒಂದು ಕಾಗದವನ್ನು ತಪ್ಪಿಲ್ಲದೆ ಮುಗಿಸಿದೆ. ನನ್ನ ಟೈಪಿಂಗಿನಲ್ಲಿ ತಪ್ಪಿರುವುದಿಲ್ಲ.

ಸಂಜೆ ಅಪ್ಪ ಬಾಳೆಲೆಯಲ್ಲಿ ಸುತ್ತಿ ಹೋಳಿಗೆ ತಂದ. "ನಿನ್ನ ಸ್ನೇಹಿತೆ ಅಡುಗೆ ಕೋಣೆಯವರೆಗೆ ಬಂದು ನಿನ್ನನ್ನು ಕೇಳಿದಳು. ಮದುಮಗಳು ಅಲ್ಲಿಯವರೆಗೆ ಬರಬಾರದು, ಆದರೂ ಬಂದಳು. ಜ್ವರ ಅಂತ ಹೇಳಿದೆ."

"ನನಗೆ ಜ್ವರ ಇಲ್ಲ."

"ಗೊತ್ತುಂಟು" ಎಂದ ಅಪ್ಪ. ಹೋಳಿಗೆಯ ಕಟ್ಟನ್ನು ಅಮ್ಮನ ಮುಂದೆ ಸರಿಸಿದ.

ಪುಣೆಗೆ ಹೊರಡುವ ಮೊದಲು ಘಾಟ್ಕೋಪರ್ ನನ್ನ ಆಫೀಸಿನ ಗೇಟಿಗೆ ಬಂದಳು. ಮೈತುಂಬ ಬಂಗಾರ, ಕೈಯ ಮದರಂಗಿ ಇನ್ನೂ ಮಾಸಿರಲಿಲ್ಲ. ಊಟದ ವಿರಾಮದಲ್ಲಿ ಹೊರಗೆ ಬಂದ ನನ್ನ ಸಹೋದ್ಯೋಗಿಗಳು ಅವಳನ್ನು ನೋಡುತ್ತ ನಿಂತರು.

"ಎಂತ ಜಂಭ ಮಾರಾಯ್ತಿ ನಿನ್ನದು?" ಎಂದು ಅವಳು ಎತ್ತಿದ ಬಾಯಿಗೇ ಶುರು ಮಾಡಿದಳು. "ಜ್ವರ ಅಂತೆ! ಆವತ್ತು ನೀನು ಆಫೀಸಿಗೆ ಹೋದದ್ದು ಮುಲುಂಡಿಗೆ ಗೊತ್ತಾಗುವುದಿಲ್ಲವಾ? ಬಿ.ಎ. ನಾನೂ ಮಾಡಿದ್ದೇನೆ, ನನಗೇನು ಕೊಂಬು ಬಂದಿದೆಯಾ?"

"ನೀನು ಬಿ.ಎ. ಮಾಡಿದ್ದು ಬೇರೆ. ನಾನು ಮಾಡಿದ್ದು ಬೇರೆ" ಎಂದೆ. "ಹೇಳಿಕೆ ಇಲ್ಲದ ಮನೆಗೆ ನಾನು ಹೋಗುವುದಿಲ್ಲ."

"ಅಮ್ಮ ಬಂದಿದ್ದಳಲ್ಲ!" ಎಂದಳು ಅವಳು. "ಎಲ್ಲರಿಗಿಂತ ಮೊದಲು ನಿಮ್ಮಲ್ಲಿಗೇ ಬಂದದ್ದು. ನೀನು ಆಫೀಸಿಗೆ ಹೋಗಿದ್ದಿ. ನಿಮ್ಮ ಚಾಳಿನ ಮೆಟ್ಟಿಲ ಬುಡದಲ್ಲಿ ನಿನ್ನಪ್ಪನೇ ಸಿಕ್ಕಿದರಂತೆ. ಕೈಮುಗಿದು, 'ನಮಗೆ ಹೇಳಿಕೆ ಬೇಡ ಅಮ್ಮ, ವೀಳ್ಯ ಬಂದಿದೆಯಲ್ಲ, ಅದೇ ಸಾಕು' ಅಂದರಂತೆ. ನಿನಗೆ ಹೇಳಲಿಲ್ಲವಾ?"

"ಅವನು ಬೇಡ ಅಂದ ಕೂಡಲೇ ತಿರುಗಿ ಹೋದರಾ?"

"ಮತ್ತೆ? ಮೇಲಿನವರೆಗೆ ಹತ್ತುವುದು ತಪ್ಪಿತು ಅಂತ ಜೊತೆಗೆ ಬಂದಿದ್ದ ಚಿಕ್ಕಮ್ಮನಿಗೆ ಖುಷಿಯೇ ಆಯ್ತಂತೆ. ಅವಳ ಮೊಣಕಾಲು ನಿನಗೆ ಗೊತ್ತುಂಟಲ್ಲ."

ಅವಳು ನಗುತ್ತಿದ್ದಳು. ಕೆಟ್ಟ ಮನಸ್ಸಿನಿಂದಲ್ಲ. ಅವಳಿಗೆ ಇದೆಲ್ಲ ಮೊಣಕಾಲಿನ ಮಾತು. ನಾನು ಒಳ್ಳೆಯದಾಗಲಿ ಎಂದು ಹೇಳಿ ಒಳಗೆ ಹೋದೆ.

ಆ ಸಂಜೆ ಅಪ್ಪ ಖೋಲಿಯ ಹೊರಗೆ ಸೌಟುಗಳನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದ. ನಾನು ಚಪ್ಪಲಿ ಕೂಡ ಬಿಡದೆ ಕೇಳಿದೆ.

"ಘಾಟ್ಕೋಪರಿನವರನ್ನು ಮೆಟ್ಟಿಲಿಂದ ಕಳಿಸಿದ್ದು ಹೌದಾ?"

"ಹೌದು."

"ಹಾಗಾದರೆ ಭಾನುವಾರ ಭಾನುವಾರ ನಾವು ಕಾದದ್ದು ಯಾರನ್ನು?"

ಅಮ್ಮ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಅವಳಿಗೂ ಗೊತ್ತಿರಲಿಲ್ಲ ಎಂಬುದು ಅವಳ ಮುಖದಲ್ಲೇ ಇತ್ತು. ಆ ಶಿರಾವನ್ನು ಅಪ್ಪನೂ ನಮ್ಮ ಜೊತೆ ಕುಳಿತು ತಿಂದಿದ್ದನಲ್ಲ, ತುಪ್ಪ ಕಡಿಮೆಯಾಯಿತು ಎಂದಿದ್ದನಲ್ಲ. ನನಗೆ ಹೆಚ್ಚು ಉರಿದದ್ದು ಅದಕ್ಕೆ.

"ಕುಂಕುಮ ತಗೊಂಡರೆ ನಾವು ನೆಂಟರು" ಎಂದ ಅಪ್ಪ, ಉಜ್ಜುವುದನ್ನು ನಿಲ್ಲಿಸದೆ. "ನೆಂಟರು ಕೂಲಿ ಕೇಳ್ಲಿಕ್ಕೆ ಆಗ್ತದಾ? ನೀನು ಸಣ್ಣವಳಿದ್ದಾಗ ಮಾಟುಂಗದಲ್ಲಿ ಒಂದು ಮನೆಯವರು ಹೀಗೇ ಬಂದಿದ್ದರು. ನಿನ್ನಮ್ಮನ ಹಣೆಗೆ ಕುಂಕುಮ ಇಟ್ಟು, ಬಹಳ ಮರ್ಯಾದೆಯಿಂದ. ಎಲ್ಲ ಮುಗಿದ ಮೇಲೆ ಕೂಲಿಗೆ ನಿಂತೆ. ಯಜಮಾನರು ತಟ್ಟೆಯಲ್ಲಿ ಒಂದು ಪಂಚೆ ಇಟ್ಟು ಕೊಟ್ಟು, ಭಟ್ರೇ, ನೀವು ಹೊರಗಿನವರಾ ಅಂದರು. ನಾಲ್ಕು ಜನರ ಎದುರು. ನಾನು ಎಂತ ಹೇಳುವುದು? ನಮಸ್ಕಾರ ಮಾಡಿ ಬಂದೆ. ಆವತ್ತಿನಿಂದ, ಅಡುಗೆ ಒಪ್ಪಿಕೊಂಡ ಮನೆಯ ಕುಂಕುಮ ಈ ಮನೆಯೊಳಗೆ ಬರುವುದಿಲ್ಲ."

"ನನ್ನ ಹೆಸರಿಗೆ ತೆಗೆದುಕೊಳ್ಳಬಹುದಿತ್ತು. ಅವಳು ನನ್ನ ಸ್ನೇಹಿತೆ."

"ಹೆಸರಿಗೆ ಕುಂಕುಮ ಕೊಡ್ತಾರಾ? ಕೊಡುವುದು ಮನೆಗೆ. ನಿನಗೆ ಬೇರೆ ಮನೆ ಎಲ್ಲುಂಟು?"

"ಸಂಬಳ ನನಗೂ ಉಂಟು."

"ಸಂಬಳ ಉಂಟು" ಎಂದ ಅಪ್ಪ. "ಮನೆ ಇಲ್ಲ."

ಅಡುಗೆಯ ಕೂಲಿಯಲ್ಲೇ ನನ್ನ ಫೀಸು ಕಟ್ಟಿದ್ದೆಂದು ಅವನು ಹೇಳಲಿಲ್ಲ. ಹೇಳಿದ್ದರೆ ಜಗಳವಾಡಬಹುದಿತ್ತು. ಅವನ ತಪ್ಪು ಎಂದು ಬಿಟ್ಟುಬಿಡಲು ನನಗೆ ಆಗಲಿಲ್ಲ, ಅವನದು ಸರಿ ಎನ್ನಲೂ ಆಗಲಿಲ್ಲ. ಘಾಟ್ಕೋಪರಿನವರನ್ನೂ ನಾನು ಬಿಡಲಿಲ್ಲ. ಅಪ್ಪ ಮೆಟ್ಟಿಲಲ್ಲಿ ಬೇಡವೆಂದರೆ, ನಿಮ್ಮ ಮಗಳನ್ನು ಕರೆಯಲು ಬಂದದ್ದು ಎಂದು ಒಂದು ಮಾತು ಹೇಳಿ ಮೇಲೆ ಬರಬಹುದಿತ್ತು. ಬರಬೇಕೆಂದಿದ್ದರೆ ಮೊಣಕಾಲೂ ಬರುತ್ತಿತ್ತು. ಅವರಿಗೆ ಅಪ್ಪನ ಮಾತು ಅನುಕೂಲವಾಯಿತು, ಅಪ್ಪನಿಗೆ ಅವರ ಅನುಕೂಲ ಗೊತ್ತಿತ್ತು. ನಡುವೆ ನಾನು ಸೀರೆ ಉಟ್ಟು ಬಾಲ್ಕನಿಯಲ್ಲಿ ನಿಂತಿದ್ದೆ.

ಅಮ್ಮ ಅಪ್ಪನೊಂದಿಗೆ ಕೆಲವು ದಿನ ಮಾತಾಡಲಿಲ್ಲ. ನಾನು ಮಾತಾಡಿದೆ, ಸಾರು ಹಾಕು, ಬಾಗಿಲು ಹಾಕು ಎಂಬಷ್ಟು.

ಮುಂದಿನ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಘಾಟ್ಕೋಪರ್ ಬಸುರಿಯಾಗಿ ತವರಿಗೆ ಬಂದಳು. ಬಯಕೆ ಊಟವನ್ನು ಅವಳಪ್ಪ ಬಿಲ್ಡಿಂಗಿನ ತಾರಸಿಯ ಮೇಲೆ ದೊಡ್ಡದಾಗಿ ಇಟ್ಟುಕೊಂಡರು. ಯಥಾಪ್ರಕಾರ ಹೋಟೆಲಿನ ಒಬ್ಬ ಗಂಡಸು ವೀಳ್ಯ ಹಿಡಿದು ನಮ್ಮ ಬಾಗಿಲಿಗೆ ಬಂದ. ಆವತ್ತು ನಾನು ಮನೆಯಲ್ಲೇ ಇದ್ದೆ.

"ಈ ಸಲ ಆಗುವುದಿಲ್ಲ ಅಂತ ಹೇಳಿ" ಎಂದ ಅಪ್ಪ. "ಕೈ ನೋವು. ಬೇರೆ ಯಾರನ್ನಾದರೂ ನೋಡಲಿ."

ಬಂದವನು ಹೋದ ಮೇಲೆ ಅಮ್ಮ ಗಾಬರಿಯಾಗಿ ಕೇಳಿದಳು. "ಕೈಗೆ ಎಂತ ಆಯ್ತು ನಿಮಗೆ?"

"ಆಗ್ತದೆ, ಒಂದೊಂದು ಸಲ."

ಅವನು ನನ್ನ ಕಡೆ ನೋಡಲಿಲ್ಲ. ಆ ವಾರ ಬೇರೆ ಎಲ್ಲಿಯೂ ಅವನಿಗೆ ಅಡುಗೆ ಇರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಎಡಗೈಯಿಂದ ಬಲಗೈಯನ್ನು ಸುಮ್ಮನೆ ನೀವಿಕೊಳ್ಳುತ್ತ ಕುಳಿತಿದ್ದ.

ಬೇರೆ ಅಡುಗೆಯವರು ಗೊತ್ತಾದ ಮೇಲೆ, ಒಂದು ಭಾನುವಾರ ಘಾಟ್ಕೋಪರಿನ ಅಮ್ಮ ಮತ್ತು ಚಿಕ್ಕಮ್ಮ ನಮ್ಮ ಮೆಟ್ಟಿಲು ಹತ್ತಿ ಬಂದರು. ಅಪ್ಪ ಬಾಗಿಲಲ್ಲಿ ನಿಂತು, "ಬನ್ನಿ, ಒಳಗೆ ಬನ್ನಿ" ಎಂದ. ನೆಲದ ಚಾಪೆಯ ಮೇಲೆ ಕೂತು ಚಿಕ್ಕಮ್ಮ ಏದುಸಿರು ಬಿಟ್ಟಳು. ಶಿರಾ ಇರಲಿಲ್ಲ. ಅಮ್ಮ ಬೆಲ್ಲ ನೀರು ಕೊಟ್ಟಳು. ಅವರು ಅಮ್ಮನ ಹಣೆಗೆ, ಆಮೇಲೆ ನನ್ನ ಹಣೆಗೆ ಕುಂಕುಮ ಇಟ್ಟು, "ಎಲ್ಲರೂ ಬರಬೇಕು. ಭಟ್ರೇ, ನೀವೂ ಈ ಸಲ ಊಟಕ್ಕೆ ಬರಬೇಕು, ಬಡಿಸಲಿಕ್ಕಲ್ಲ!" ಎಂದು ನಕ್ಕರು. ಗೋಡೆಯ ಮೇಲಿನ ನನ್ನ ಫೋಟೋ ನೋಡಿ ಚಿಕ್ಕಮ್ಮ, "ಇದು ಯಾರು, ವಕೀಲರಾ?" ಎಂದು ಕೇಳಿದಳು. ನನಗೆ ಬೇಕಾಗಿದ್ದ ಕುಂಕುಮ ನನ್ನ ಹಣೆಯ ಮೇಲಿತ್ತು. ನನಗೆ ಸಂತೋಷವಾಗಲಿಲ್ಲ. ಒಂದು ಅಡುಗೆಯ ಕೂಲಿ ಬಿಟ್ಟು ಅಪ್ಪ ನನಗಾಗಿ ಅದನ್ನು ತೆಗೆದುಕೊಟ್ಟಿದ್ದ. ಅವರು ತಾವಾಗಿ ಕೊಟ್ಟದ್ದು ಇನ್ನೂ ನನಗೆ ಬಂದಿರಲಿಲ್ಲ.

ಆದರೂ ಹೋದೆವು. ಅಪ್ಪ ಹೊಸ ಪಂಚೆ ಉಟ್ಟು ಶಾಲು ಹೊದ್ದಿದ್ದ. ಲೋಕಲಿನಲ್ಲಿ ಕೈಯಲ್ಲಿ ಯಾವ ಚೀಲವೂ ಇಲ್ಲದೆ ಹೇಗೆ ನಿಲ್ಲುವುದೆಂದು ತಿಳಿಯದವನಂತೆ ನಿಂತಿದ್ದ. ಘಾಟ್ಕೋಪರ್ ಹಸಿರು ಸೀರೆಯಲ್ಲಿ ಕುಳಿತಿದ್ದಳು. ನನ್ನನ್ನು ಕಂಡು, "ವಡಾಲ! ಅಂತೂ ಬಂತಲ್ಲ ನಿನ್ನ ಗಾಡಿ!" ಎಂದು ಕೂಗಿದಳು. ಅವಳ ಕೆನ್ನೆಗೆ ಅರಸಿನ ಹಚ್ಚಿದೆ. ನನ್ನ ಕೈ ಹಿಡಿದು ತನ್ನ ಪಕ್ಕದಲ್ಲಿ ಕೂರಿಸಿಕೊಂಡಳು. ಆ ಹೊತ್ತು ಒಳ್ಳೆಯದಿತ್ತು, ಇಲ್ಲವೆನ್ನುವುದಿಲ್ಲ.

ಊಟಕ್ಕೆ ಗಂಡಸರ ಸಾಲು ಒಂದು ಕಡೆ, ಎದುರಿಗೆ ಹೆಂಗಸರ ಸಾಲು. ಅಪ್ಪ ಮೊದಲ ಪಂಕ್ತಿಯಲ್ಲಿ ಕುಳಿತದ್ದನ್ನು ನಾನು ಅದೇ ಮೊದಲು ನೋಡಿದ್ದು. ನನ್ನ ಪಕ್ಕದಲ್ಲಿ ಮುಲುಂಡ್ ಕುಳಿತಿದ್ದಳು.

"ನಿಮ್ಮಪ್ಪಾರು ಊಟಕ್ಕ ಕೂತಾರೋ ಪರೀಕ್ಷಾಕ್ಕ ಕೂತಾರೋ?" ಎಂದು ಪಿಸುಗುಟ್ಟಿದಳು. ನಗು ಬಂತು. ನಿಜವಾಗಿಯೂ ಅಪ್ಪ ಹಾಗೆಯೇ ಕುಳಿತಿದ್ದ. ಬಡಿಸುವವರ ಕೈಯನ್ನೇ ನೋಡುತ್ತಿದ್ದ. ಉಪ್ಪು ಎಲ್ಲಿ ಬಿತ್ತು, ಕೋಸಂಬರಿ ಯಾವ ಮೂಲೆಗೆ ಬಿತ್ತು ಎಂದು ಅವನ ಕಣ್ಣು ಸಾಲಿನ ಉದ್ದಕ್ಕೂ ಹೋಗಿ ಬರುತ್ತಿತ್ತು.

ಅನ್ನ ಬಿತ್ತು. ತುಪ್ಪ ಬಿತ್ತು. ಗಂಡಸರು ಎಲೆಯ ಸುತ್ತ ನೀರು ಬಿಡಲು ಅಂಗೈಗೆ ನೀರು ತೆಗೆದುಕೊಂಡರು. ಅಪ್ಪನೂ ತೆಗೆದುಕೊಂಡ. ಅಷ್ಟರಲ್ಲಿ ಘಾಟ್ಕೋಪರಿನ ಅಪ್ಪ ಬಂದು ಅವನ ಹಿಂದೆ ಬಗ್ಗಿದರು. ಮೆಲ್ಲಗೆ ಹೇಳಿದೆನೆಂದು ಅವರಿಗೆ ಅನಿಸಿರಬೇಕು. ಗಲ್ಲಾದಲ್ಲಿ ಕೂಗಿ ಕೂಗಿ ಗಟ್ಟಿಯಾದ ಸ್ವರ, ನಮ್ಮ ಸಾಲಿಗೂ ಕೇಳಿಸಿತು.

"ಭಟ್ರೇ, ಊಟಕ್ಕೆ ಕೈ ಹಾಕಲಿಲ್ಲವಲ್ಲ? ಒಂದು ಗಳಿಗೆ ಒಳಗೆ ಬನ್ನಿ. ಹೊಸಬನ ಪಾಯಸ ತಳ ಹಿಡಿದಿದೆ. ನೀವು ನಮ್ಮವರೇ ಅಂತ ಹೇಳುವುದು."

ಎಲೆಗೆ ಬಡಿಸಿದ ಮೇಲೆ ನಮ್ಮಲ್ಲಿ ಯಾರನ್ನೂ ಎಬ್ಬಿಸುವುದಿಲ್ಲ. ವೈರಿಯನ್ನೂ ಎಬ್ಬಿಸುವುದಿಲ್ಲ. ಆ ಸಾಲಿನ ಎಲ್ಲರಿಗೂ ಅದು ಗೊತ್ತಿತ್ತು. ಯಾರೂ ತಲೆ ಎತ್ತಲಿಲ್ಲ. ಆಗಲೂ ನಾನು ಅಪ್ಪನನ್ನೇ ನೋಡುತ್ತಿದ್ದೆ, ಇಲ್ಲ ಎನ್ನುತ್ತಾನೆ ಎಂದು. ಕೈ ನೋವು ಎಂದರೂ ಸಾಕಿತ್ತು.

ಅಪ್ಪ ಅಂಗೈಯ ನೀರನ್ನು ಪಕ್ಕಕ್ಕೆ ಚೆಲ್ಲಿದ. ಎದ್ದ. ಬೇಸರದಿಂದ ಎದ್ದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ಜ್ವರ ಬಿಟ್ಟವನ ಹಾಗೆ ಹಗುರಾಗಿ ಎದ್ದ. ನಡೆಯುತ್ತಲೇ ಶಾಲು ತೆಗೆದು ಸೊಂಟಕ್ಕೆ ಬಿಗಿದ.

"ಎಲ್ಲಿ ಹೊಂಟ್ರವಾ ಅವರು?" ಎಂದಳು ಮುಲುಂಡ್. ಕೇಳುತ್ತಲೇ ಅವಳಿಗೂ ತಿಳಿಯಿತು. ಅವಳ ಆಚೆ ಕುಳಿತಿದ್ದ ಅಮ್ಮ ಅನ್ನ ಕಲಸುತ್ತಲೇ ಇದ್ದಳು, ಬಾಯಿಗೆ ಇಡದೆ.

ಸಾರು ಬಂತು, ಹುಳಿ ಬಂತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಪಾಯಸದ ಕೊಳಗ ಹಿಡಿದು ಅಪ್ಪನೇ ಹೊರಗೆ ಬಂದ. ಹೊಸ ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿದ್ದ, ಮುಖದಲ್ಲಿ ಬೆವರು. "ನಮ್ಮ ಭಟ್ರ ಕೈ ತಾಗಿತಲ್ಲ, ಇನ್ನು ಹೆದರಿಕೆ ಇಲ್ಲ!" ಎಂದು ಘಾಟ್ಕೋಪರಿನ ಅಮ್ಮ ಎಲ್ಲರಿಗೂ ಕೇಳುವಂತೆ ಹೇಳಿದರು. ನಕ್ಕವರೆಲ್ಲ ಪ್ರೀತಿಯಿಂದಲೇ ನಕ್ಕರು. ಅಪ್ಪ ಸಾಲಿನ ತುದಿಯಿಂದ ಬಡಿಸುತ್ತ ಬಂದ. ಒಬ್ಬೊಬ್ಬರ ಮುಂದೆಯೂ ಬಗ್ಗಿ, "ಸಾವಕಾಶ ಊಟ ಮಾಡಿ, ಸಾವಕಾಶ" ಎನ್ನುತ್ತ ಬಂದ. ಮುಲುಂಡಿಗೆ ಬಡಿಸಿದ. ನನ್ನ ಮುಂದೆ ಬಗ್ಗಿದ.

"ಸಾವಕಾಶ ಊಟ ಮಾಡಿ" ಎಂದ. ಬಾಯಿಗೆ ಬಂದ ಹಾಗೆ, ಎಲ್ಲರಿಗೂ ಹೇಳಿದ ಹಾಗೆ.

ನಾನು ಎಲೆಯ ಮೇಲೆ ಕೈ ಅಡ್ಡ ಹಿಡಿದೆ. ಸೌಟು ನಿಂತಿತು. ಪಾಯಸದ ಒಂದು ಹನಿ ನನ್ನ ಬೆರಳಿನ ಮೇಲೆ ಬಿತ್ತು, ಬಿಸಿಯಾಗಿತ್ತು.

"ಸ್ವಲ್ಪ?" ಎಂದ ಅಪ್ಪ.

ನಾನು ತಲೆ ಎತ್ತಲಿಲ್ಲ, ಕೈ ತೆಗೆಯಲಿಲ್ಲ. ಅಪ್ಪ ಬಲವಂತ ಮಾಡಲಿಲ್ಲ. ಬೇಡ ಎಂದವರ ಎಲೆಗೆ ಎರಡನೆಯ ಸಲ ಕೇಳಿ ಸಾಲನ್ನು ತಡೆಯುವ ಕ್ರಮ ಅವನದಲ್ಲ. ಮುಂದಿನ ಎಲೆಗೆ ಹೋದ. ಎದುರಿನ ಸಾಲಿನಲ್ಲಿ ಅವನ ಎಲೆಯ ಅನ್ನ ಆರಿ ತಣ್ಣಗಾಗಿತ್ತು, ಮೇಲಿನ ತುಪ್ಪ ಬೆಳ್ಳಗೆ ಹೆಪ್ಪುಗಟ್ಟುತ್ತಿತ್ತು.